ಬಾವಿಕಟ್ಟೆಯ ಜಗಳ

ಹಸಿ ಸೌದೆಯ ಹೊಗೆ ಮೂಗಿಗೆ ತಾಗಿದ್ದೇ ತಡ, ಕ್ಯಾಮೆರಾ ಮಾವ ಏಳು ವರ್ಷದ ಹುಡುಗನಾಗಿಬಿಟ್ಟರು. ಅಮ್ಮನ ಅಡುಗೆಮನೆಗೆ ಇದೇ ವಾಸನೆಯಿತ್ತು. ಬಸ್ಸಿನಿಂದ ಇಳಿದು ಕಣ್ಣೊರೆಸಿಕೊಂಡರು. ಹೊಗೆಯಿಂದಲೇ ಎಂದು ಜನ ತಿಳಿಯಲಿ ಎಂದು ಎರಡು ಸಲ ಕೆಮ್ಮಿದರು.

ಎಲ್ಲೋ ಒಂದು ಬೈಕು ಎರಡು ಬಾರಿ ಹಾರ್ನ್ ಹೊಡೆಯಿತು. ಪ್ರತಿ ಭಾನುವಾರ ಅವರು ಇಳಿಯುವ ಹೊತ್ತಿಗೇ ಅದು ಕೂಗುತ್ತಿತ್ತು. ದನ ಅಡ್ಡ ಬಂದಿರಬೇಕು.

ಅಂಚೆ ಕಚೇರಿಯ ಕೆಲಸದಿಂದ ನಿವೃತ್ತರಾಗಿ ಮೂರು ವರ್ಷ, ಹೆಂಡತಿ ಹೋಗಿ ಒಂದು ವರ್ಷ. ಪಟ್ಟಣದ ಮನೆಯಲ್ಲಿ ಭಾನುವಾರ ಕಳೆಯಲಾರದೆ ಕ್ಯಾಮೆರಾ ಹೆಗಲಿಗೇರಿಸಿ ಹೊರಟವರು ಈ ಹಳ್ಳಿಗೆ ಅಂಟಿಕೊಂಡಿದ್ದರು. ಛಾಯಾಗ್ರಹಣ ಸಂಘದ ‘ಸಹಜ ಗ್ರಾಮಜೀವನ’ ಸ್ಪರ್ಧೆಗೆ ಕಳಿಸಿದ ಚಿತ್ರಗಳು ಐದು ಸಲ ವಾಪಸ್ಸಾಗಿದ್ದವು. ‘ಸಹಜತೆ ಸಾಲದು’ ಎಂಬುದೊಂದೇ ಷರಾ. ಈ ಸಲದ ಸ್ಪರ್ಧೆಗೆ ನಾಳೆ ಕೊನೆಯ ದಿನ. ಈ ಸಲವೂ ಹಿಂದೆ ಬಂದರೆ ಕ್ಯಾಮೆರಾ ಮಾರಿ ಮನೆಯಲ್ಲೇ ಕೂರುತ್ತೇನೆ ಎಂದು ಹೋದ ವಾರ ಇಲ್ಲೇ ಊಟ ಬಿಟ್ಟೆದ್ದಿದ್ದರು.

ಸಹಜತೆಯ ವಿಷಯದಲ್ಲಿ ಮಾವ ಬಹಳ ಕಟ್ಟುನಿಟ್ಟು. ಪ್ಲಾಸ್ಟಿಕ್ ಬಕೆಟ್ ಕಂಡರೆ ಕಾಲಿನಿಂದ ಸರಿಸುತ್ತಿದ್ದರು. ಕರೆಂಟಿನ ತಂತಿ ಕಂಡರೆ ತಾವೇ ಸರಿಯುತ್ತಿದ್ದರು. ಆಮೇಲೆ, “ನಾನಿಲ್ಲ ಅಂತಲೇ ತಿಳ್ಕೊಳ್ಳಿ,” ಎನ್ನುತ್ತಿದ್ದರು.

ಊರವರು ಹಾಗೆಯೇ ತಿಳಿದುಕೊಳ್ಳುತ್ತಿದ್ದರು. ದರ್ಜಿಯ ಹೆಂಡತಿ ತಾಮ್ರದ ಕೊಡ ಹೊತ್ತು ನಡೆದಳು. ಒಂದು ಹನಿಯೂ ತುಳುಕಲಿಲ್ಲ. ಮುಂದಿನ ಬೀದಿಯಲ್ಲಿ ಇನ್ನೊಬ್ಬಳು ಎದುರಾದಳು. ಅವಳ ಕೊಡದ ಹೊಟ್ಟೆಯಲ್ಲೂ ಅದೇ ಜಾಗದಲ್ಲಿ ನೆಗ್ಗು. ಒಂದೇ ಅಂಗಡಿಯ ಮಾಲಿರಬೇಕು.

ಜಗಲಿಯ ಅಜ್ಜಿ ಬೀಸುಕಲ್ಲು ತಿರುಗಿಸುತ್ತಿದ್ದಳು. ಕಾಳೂ ಇಲ್ಲ, ಹಿಟ್ಟೂ ಇಲ್ಲ. ಬಡತನವನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು ಎಂದು ಮಾವ ಮೂರು ಚಿತ್ರ ತೆಗೆದರು.

“ಅಜ್ಜಿ, ಈ ಕಡೆ ನೋಡಬೇಡಿ.”

“ನೋಡ್ತಿಲ್ಲಪ್ಪಾ. ಬೇಗ ಮುಗಿಸು, ಒಳಗೆ ಕೆಲಸ ಇದೆ.”

ಅಷ್ಟರಲ್ಲಿ ಬಾವಿಯ ಕಡೆಯಿಂದ ಕೂಗಾಟ ಕೇಳಿತು. ಮಾವ ಓಡಿದರು. ಇಬ್ಬರು ಹೆಂಗಸರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ವರ್ಷಗಟ್ಟಲೆ ಎಣ್ಣೆ ಕಾಣದ ರಾಟೆ ಕಿರುಚುತ್ತಿತ್ತು.

“ಹೋದ ವಾರನೂ ನೀನೇ ಸೇದಿದ್ದು. ಇವತ್ತು ನನ್ನ ಸರದಿ.”

“ನಿನ್ನ ಮುಖಕ್ಕೆ ಸರದಿ ಬೇರೆ ಕೇಡು.”

“ನನ್ನ ಮುಖಕ್ಕೇನಾಗಿದೆ? ನಿನ್ನ ಹಾಗೆ ಪೌಡರ್ ಮೆತ್ಕೊಂಡು ನೀರಿಗೆ ಬಂದಿಲ್ಲ.”

ಹಗ್ಗ ಎಳೆದಾಡಿದರು. ಕೊಡ ಠಣ್ಣೆಂದು ಉರುಳಿತು. ಸುತ್ತ ನಿಂತವರಲ್ಲಿ ಒಬ್ಬರೂ ನಗಲಿಲ್ಲ. ಮಾವ ಒಂದರ ಮೇಲೊಂದು ಚಿತ್ರ ತೆಗೆದರು. ಇಂಥದ್ದನ್ನು ಯಾರೂ ಹೇಳಿ ಮಾಡಿಸಲಾರರು. ಇದೇ ಆ ಚಿತ್ರ.

ಮಧ್ಯಾಹ್ನ ಎಂದಿನಂತೆ ದೊಡ್ಡಕ್ಕನ ಮನೆ. ಊರಿಗೆಲ್ಲ ಅವಳು ದೊಡ್ಡಕ್ಕ. ಭಾನುವಾರ ಮಾವನಿಗೆ ಊಟ ಅಲ್ಲೇ.

“ಇವತ್ತಾದ್ರೂ ಸಿಕ್ತಾ ಮಾವ?” ಒಳಗಿನಿಂದಲೇ ಕೇಳಿದಳು.

“ಸಿಕ್ತಮ್ಮ. ಎರಡು ತುತ್ತು ಜಾಸ್ತಿನೇ ಬಡಿಸು.”

ಉಣ್ಣುವಾಗಲೂ ಕ್ಯಾಮೆರಾವನ್ನು ತೊಡೆಯಿಂದ ಇಳಿಸದವರು ಇವತ್ತು ನಿರಾಳವಾಗಿ, ಅದನ್ನು ತೂಗುಹಾಕಲು ಬಾಗಿಲ ಹಿಂದಿನ ಮೊಳೆಗೆ ಕೈಚಾಚಿದರು. ಅಲ್ಲಿ ತಿರುವಿ ಹಾಕಿದ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ದುಂಡು ಅಕ್ಷರಗಳಿದ್ದವು.

‘ಭಾನುವಾರ. ಬಸ್ಸಿಗೆ ಮುಂಚೆ ಹಸಿ ಸೌದೆ ಹಚ್ಚುವುದು. ಮಾವನಿಗೆ ಅಮ್ಮನ ನೆನಪು. ಹಾರ್ನ್ ಕೇಳಿದ ಕೂಡಲೇ ನಲ್ಲಿಗಳಿಗೆ ಗೋಣಿ ಹೊದಿಸುವುದು. ಎಂಟೂವರೆ: ಖಾಲಿ ಕೊಡ, ಇರುವುದೊಂದೇ, ಇಬ್ಬರೂ ಹಂಚಿಕೊಳ್ಳಿ. ಒಂಬತ್ತು: ಅಜ್ಜಿ, ಬೀಸುಕಲ್ಲು. ಹತ್ತು: ಬಾವಿಕಟ್ಟೆಯ ಜಗಳ. ಇದು ಹೊಸದು, ಯಾರೂ ನಗಬಾರದು. ಚಿತ್ರ ಸಿಗದಿದ್ದರೆ ಮಾವ ಉಣ್ಣುವುದಿಲ್ಲ.’

ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಮಾವ ಕ್ಯಾಮೆರಾವನ್ನು ಆ ಅಕ್ಷರಗಳ ಮೇಲೆಯೇ ತೂಗುಹಾಕಿ ತಿರುಗಿದರು.

ದೊಡ್ಡಕ್ಕ ಎರಡು ತುತ್ತು ಜಾಸ್ತಿ ಬಡಿಸಿದ ತಟ್ಟೆಯನ್ನು ಅವರ ಕೈಗಿತ್ತಳು.