ಲಂಡನ್ನಿಗೆ ಹೊರಟ ಅಜ್ಜಿ

ಬಾಣಂತಿ ಲೇಹ್ಯದ ವಾಸನೆ ಬಂದರೆ ಈಗಲೂ ನನಗೆ ಅಜ್ಜಿ ಅರ್ಧ ದಾರಿಯಿಂದ ವಾಪಸು ಬಂದ ಮಧ್ಯಾಹ್ನ ನೆನಪಾಗುತ್ತದೆ.

ಲಂಡನ್ನಿನಲ್ಲಿ ನರ್ಸಾಗಿದ್ದ ಅತ್ತೆಗೆ ಅದು ಚೊಚ್ಚಲ ಹೆರಿಗೆ. ಲೇಹ್ಯದ ಡಬ್ಬಿ ಹಿಡಿದು ವಿಮಾನ ಹತ್ತಿದ್ದ ಅಜ್ಜಿ, ಮತ್ತೆ ಸೋಮನಹಳ್ಳಿಯ ನಮ್ಮ ಜಗಲಿಯಲ್ಲಿ ಕೂತಿದ್ದಳು. ಡಬ್ಬಿಯಿಂದ ಸೋರಿದ ಲೇಹ್ಯದ ತುಪ್ಪಕ್ಕೆ ಸೆರಗು ಅಂಟಂಟಾಗಿತ್ತು.

"ಇಮಾನ ಬದಲಾಯ್ಸೋ ಊರಲ್ಲಿ ಕನ್ನಡ ತಿಳ್ದೋರು ಒಬ್ರೂ ಸಿಗ್ನಿಲ್ಲ ಕಣ್ಲಾ," ಎಂದಳು ಅಪ್ಪನಿಗೆ. "ಏನೋ ಕೂಗ್ತಾನೇ ಇದ್ರು. ನನ್ನೇ ಕರೀತಾವ್ರೆ ಅಂತ ಗೊತ್ತಾಗ್ನಿಲ್ಲ. ಇಮಾನ ಒಂಟೋಯ್ತು. ಆಮೇಲೆ ಅವ್ರು ಕೇಳಿದ್ದೂ ನಂಗೆ ತಿಳೀನಿಲ್ಲ, ವಾಪಸು ಕಳಿಸ್ಬುಟ್ರು."

"ಇನ್ನೊಂದ್ಸಲ ಓಗಿವಂತೆ ಬುಡವ್ವ."

"ಎರ್ಗೆ ನನ್ನ ಕಾಯ್ತದೇನ್ಲಾ?"

ಅಪ್ಪ ಮೆಲ್ಲಗೆ ಹೇಳಿದ: "ಬೆಳಿಗ್ಗೆ ತಂತಿ ಬಂತು ಕಣವ್ವ. ಎಣ್ಣು ಮಗ. ಇಬ್ರೂ ಚೆನ್ನಾಗವ್ರಂತೆ."

ಅಜ್ಜಿ ಲೇಹ್ಯದ ಡಬ್ಬಿಯ ಮುಚ್ಚಳವನ್ನು ಒತ್ತಿ ಬಿಗಿ ಮಾಡಿದಳು.

"ನಾಳೆ ಆ ಕೂಸು ಇಲ್ಲಿಗೆ ಬಂದ್ರೆ," ಎಂದಳು, "ಅದ್ರ ಮಾತು ನಂಗೆ ತಿಳೀತದೇನ್ಲಾ?"