ಹಿಂದಿನ ಸೀಟು ಖಾಲಿ

"ಪೆನ್ನು ಕೆಳಗಿಡಿ ಮೇಡಂ. ಹಾಜರಿ ಮುಗೀತು."

ಸಹಿಗೆಂದು ಬಗ್ಗಿದ್ದ ಗಂಗಾಮಣಿ ಹಾಗೆಯೇ ನಿಂತರು. ಹೆಡ್‌ಮಾಸ್ಟರ್ ರಂಗಸ್ವಾಮಿ ಆಕೆಯ ಹೆಸರಿನ ಮುಂದೆ ಕೆಂಪು ಗೆರೆ ಎಳೆದರು. ಈ ಕೆಲಸವನ್ನು ಅವರು ದೇವರಿಗೆ ಹೂವೇರಿಸುವಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರು.

"ಹೊಂಗಡಹಳ್ಳದ ಹತ್ರ ಆನೆ ಅಡ್ಡ ನಿಂತಿತ್ತು ಸಾರ್. ಬಸ್ ನಿಲ್ಲಿಸ್ಬುಟ್ರು."

"ನನ್ನ ಸ್ಕೂಟರಿಗೆ ಬರದ ಆನೆ ನಿಮ್ಮ ಬಸ್ಸಿಗೇ ಬಂತಾ? ಒಂದು ರಜೆ ಕಟ್."

"ಉಳಿದಿರೋದೇ ಒಂದು ಸಾರ್. ಅಮ್ಮನ ಕಣ್ಣಿನ ಆಪರೇಷನ್ನಿಗೆ ಅಂತ ಇಟ್ಕೊಂಡಿದ್ದೆ. ನಿಮಗೂ ಗೊತ್ತೈತಲ್ಲ."

"ಗೊತ್ತೈತೆ ಅಂತ ಬಿಟ್ರೆ ಪಕ್ಷಪಾತ ಆಗುತ್ತೆ."

ಬಾಗಿಲಲ್ಲಿ ನಿಂತಿದ್ದ ನವ್ಯಶ್ರೀಗೆ ಮೈ ಉರಿಯಿತು. ಬಿಸಿಲೆ ರಸ್ತೆಯ ಈ ಶಾಲೆಗೆ ಅವಳು ಸೇರಿದ್ದು ಈ ಸೋಮವಾರವಷ್ಟೇ. ಒಳಗೆ ನುಗ್ಗಿ ನಾಲ್ಕು ಮಾತಾಡಬೇಕೆಂದು ಹೊರಟವಳ ಸೆರಗನ್ನು ಹಿರಿಯ ಟೀಚರ್ ಬಸಮ್ಮ ಹಿಡಿದು ಎಳೆದರು.

"ಅವರಿಬ್ಬರ ಮಧ್ಯೆ ನೀನು ಬಾಯಿ ಹಾಕ್ಬೇಡ ಕಣಮ್ಮ."

ಮಧ್ಯಾಹ್ನ ಗಂಗಾಮಣಿ ನವ್ಯಶ್ರೀಯ ಪಕ್ಕ ಕೂತು ಡಬ್ಬಿ ತೆರೆದರು. ಅನ್ನ, ಬಾಳೆಕಾಯಿ ಪಲ್ಯ. ಬೆರಳ ಮೇಲೆ ಇಸ್ತ್ರಿ ಪೆಟ್ಟಿಗೆ ಸುಟ್ಟ ಹೊಸ ಗುರುತು.

"ಮೊದ್ಲು ಮಗ್ಗೆ ಊರಿನ ಶಾಲೇಲಿದ್ದಾಗ ಬೆಲ್ ಹೊಡೆದರೂ ಮಕ್ಕಳು ಮನೆಗೆ ಹೋಗ್ತಿರಲಿಲ್ಲ. ಇನ್ನೊಂದು ಹಾಡು ಹೇಳಿ ಮಿಸ್ ಅಂತ ಸುತ್ಕೊಳ್ಳೋರು. ಈಗ ಬೆಲ್ ಯಾವಾಗ ಹೊಡೀತಾರೋ ಅಂತ ನಾನೇ ಕಾಯ್ತೀನಿ. ಪಾಠ ಮಾಡೋ ಆಸೆನೇ ಸತ್ತೋಗೈತೆ ಕಣಮ್ಮ."

ನವ್ಯಶ್ರೀ ಸೀಮೆಸುಣ್ಣಕ್ಕೆಂದು ಹೆಡ್‌ಮಾಸ್ಟರರ ಕೋಣೆಗೆ ಹೋದಳು. ಗರಿಗರಿ ಶರ್ಟಿನ ರಂಗಸ್ವಾಮಿ ಮೂರಂತಸ್ತಿನ ಕ್ಯಾರಿಯರ್ ಬಿಚ್ಚಿಕೊಂಡು ಕೂತಿದ್ದರು. ಅಲ್ಲಿಯೂ ಬಾಳೆಕಾಯಿ ಪಲ್ಯ. ಈ ಸೀಮೆಯಲ್ಲಿ ಬೇರೆ ತರಕಾರಿಯೇ ಸಿಗುವುದಿಲ್ಲವೇನೋ ಅಂದುಕೊಂಡಳು.

ಸಂಜೆ ಗಂಗಾಮಣಿ, ನವ್ಯಶ್ರೀ ಇಬ್ಬರೂ ಗೇಟಿನ ಹೊರಗೆ ಬಸ್ಸಿಗೆ ಕಾದರು. ಒಳಗೆ ರಂಗಸ್ವಾಮಿ ಸ್ಕೂಟರ್ ಒರೆಸುತ್ತಿದ್ದರು.

"ಅವರೂ ಸಕಲೇಶಪುರ, ನೀವೂ ಸಕಲೇಶಪುರ. ಹಿಂದಿನ ಸೀಟು ಖಾಲಿ. ಬೆಳಿಗ್ಗೆ ಕೂರಿಸ್ಕೊಂಡು ಬಂದ್ರೆ ಅವರ ಗಂಟೇನು ಹೋಗುತ್ತೆ ಮೇಡಂ?" ನವ್ಯಶ್ರೀ ಕೇಳಿದಳು.

"ಸ್ಟಾಫ್ ಏನಂದ್ಕೊಂತಾರೆ ಅಂತಾರೆ."

"ವರ್ಗಾವಣೆ ಕೇಳ್ಬಾರ್ದಾ?"

"ಎರಡು ಸಲ ಕೇಳ್ದೆ. ಅರ್ಜಿ ಹೋಗ್ಬೇಕಾದ್ದು ಇವರ ಕೈಯಿಂದಲೇ ಅಲ್ವಾ? ಅಲ್ಲೇ ಕೂತ್ಬುಡ್ತು."

"ನಿಮ್ಮ ಯಜಮಾನ್ರು ಸರ್ಕಾರಿ ನೌಕರರಾ?"

"ಹೂಂ."

"ಮತ್ತಿನ್ನೇನು! ಅವರು ಇರೋ ಕಡೆಗೇ ಕೇಳಿ. ಪತಿ-ಪತ್ನಿ ಪ್ರಕರಣ ಅಂತ ಐತಲ್ಲ, ಗಂಡ ಹೆಂಡ್ತಿ ಒಂದೇ ಕಡೆ ಇರ್ಲಿ ಅಂತ ಸರ್ಕಾರನೇ ಮಾಡಿರೋದು. ಆಮೇಲೆ ಈ ಮನುಷ್ಯನ ಮುಖ ನೋಡೋ ಕರ್ಮ ಇರಲ್ಲ."

ಗಂಗಾಮಣಿ ನಕ್ಕರು. ಅವರು ನಕ್ಕದ್ದನ್ನು ನವ್ಯಶ್ರೀ ಆವರೆಗೆ ನೋಡಿರಲಿಲ್ಲ. ನೋಡದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

"ಅದೇ ಪ್ರಕರಣದಲ್ಲೇ ಕಣಮ್ಮ, ನಾನು ಮಗ್ಗೆ ಬಿಟ್ಟು ಇಲ್ಲಿಗೆ ಬಂದಿದ್ದು."

ನವ್ಯಶ್ರೀ ಆ ಮಾತನ್ನು ಅರ್ಥ ಮಾಡಿಕೊಳ್ಳುವ ಮೊದಲೇ ಸ್ಕೂಟರ್ ಗೇಟು ದಾಟಿ ಬಂದು ಅವರ ಪಕ್ಕ ನಿಂತಿತು.

"ಗಂಗಾ, ಬಸ್ಸಿಳಿದು ಬೂತಿಂದ ನಿಮ್ಮಮ್ಮನಿಗೆ ಫೋನ್ ಮಾಡ್ಬುಡು, ಬರೋಕಾಗಲ್ಲ ಅಂತ. ರಾತ್ರಿಗೆ ರೊಟ್ಟಿ ತಟ್ಟು. ಇವತ್ತು ಪಲ್ಯಕ್ಕೆ ಉಪ್ಪು ಜಾಸ್ತಿ ಆಗ್ಬುಟ್ಟಿತ್ತು."