ಕಾಲುದಾರಿಯ ನಮಸ್ಕಾರ

ಮಠದ ಹಿಂದಿನ ಕಾಡಿನಲ್ಲಿ ಗುಹೆಯವರೆಗೆ ಒಂದು ಕಾಲುದಾರಿ. ಸ್ವಾಮಿಗಳು ಮುಂದೆ, ಅವಳು ಹಿಂದೆ. ಅವರ ಮುಖ ಗಡ್ಡದಲ್ಲಿ ಮುಚ್ಚಿಹೋಗಿತ್ತು. ಆದರೆ ಎಡಗಾಲನ್ನು ಎಳೆದು ಹಾಕುವ ಆ ನಡಿಗೆಯನ್ನು ಅವಳು ತನ್ನ ಅಂಗಳದಲ್ಲೇ ನೋಡಿದ್ದಳು, ಮೀಸೆ ಮೂಡುವ ಮೊದಲೇ ಮನೆ ಬಿಟ್ಟುಹೋದ ಮಗನಲ್ಲಿ.

“ಪೂರ್ವಾಶ್ರಮದಲ್ಲಿ ಸ್ವಾಮಿಗಳದು ಯಾವೂರು?”

“ಅದನ್ನೆಲ್ಲ ಬಿಟ್ಟು ಬಂದಾಯ್ತು. ಈಗ ಹೇಳೋ ಹಾಗಿಲ್ಲ.”

“ಮಗನ್ನ ಹುಡುಕ್ಕೊಂಡು ಮಠ ಮಠ ಸುತ್ತಿದೀನಿ. ಸಿಕ್ಕಿದ್ರೆ ಕರ್ಕೊಂಡೇ ಹೋಗೋದು. ಬರಲ್ಲ ಅಂದ್ರೆ ಅಲ್ಲೇ ಅನ್ನ ನೀರು ಬಿಟ್ಟು ಕೂತ್ಕೋತೀನಿ.”

ದಾರಿಗೆ ಬಾಗಿದ್ದ ಮುಳ್ಳುಕೊಂಬೆಯನ್ನು ಅವರು ಅವಳು ದಾಟುವ ತನಕ ಎತ್ತಿ ಹಿಡಿದರು.

“ಇಲ್ಲಿ ಆ ಥರ ಯಾರೂ ಇಲ್ಲ.”

ಅವಳಿಗೆ ಒಂದು ಪರೀಕ್ಷೆ ಗೊತ್ತಿತ್ತು. ಸನ್ಯಾಸಿ ಊರವರೆಲ್ಲರಿಂದ ನಮಸ್ಕಾರ ಮಾಡಿಸಿಕೊಳ್ಳಬಹುದು, ಹೆತ್ತವಳಿಂದ ಮಾತ್ರ ಕೂಡದು; ಅವಳಿಗೆ ಅವನೇ ಅಡ್ಡಬೀಳಬೇಕು. ಮಗನೇ ಆಗಿದ್ದರೆ ಹಿಂದೆ ಸರಿದೇ ಸರಿಯುತ್ತಾನೆ. ಗುಹೆಯ ಮುಂದೆ ಅವಳು ಸೆರಗು ಹೊದ್ದು, ಅವರ ಪಾದದೆದುರು ಹಣೆಯನ್ನು ನೆಲಕ್ಕೆ ಹಚ್ಚಿದಳು.

ಅವರು ಕದಲಲಿಲ್ಲ.

“ಒಳ್ಳೇದಾಗಲಿ” ಎಂದರು.

ಏಳುವುದಕ್ಕೆ ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ತಪ್ಪು ತಿಳ್ಕೊಂಡಿದ್ದೆ, ಸ್ವಾಮಿಗಳೇ. ಬರ್ತೀನಿ.”

ಒಬ್ಬಳೇ ಇಳಿಯತೊಡಗಿದಳು. ತಿರುವಿನ ಹತ್ತಿರ ಬಂದಾಗ ಹಿಂದಿನಿಂದ ತರಗೆಲೆಯ ಸದ್ದು ಕೇಳಿ ತಿರುಗಿದಳು.

ಅವಳು ನಿಂತಿದ್ದ ಜಾಗದಲ್ಲಿ ಸ್ವಾಮಿಗಳು, ಅವಳ ಕಡೆಗೇ ಕೈ ಚಾಚಿ, ಉದ್ದಕ್ಕೂ ಅಡ್ಡಬಿದ್ದಿದ್ದರು.